ಕೈ ಬದಲಾದ ಮನೆ

ಮಾಲೂರು
11 ಫೆಬ್ರವರಿ 2024

ಅಕ್ಕಾ,

ಪೋಸ್ಟ್‌ಮ್ಯಾನ್ ಕವರ್ ಕೊಟ್ಟಾಗ ನಗಬೇಡ. ಫೋನ್ ಮಾಡಿದ್ರೆ ಏನಾಗುತ್ತೆ ಅಂತ ಹೋದ ತಿಂಗಳು ನೋಡಿದ್ವಲ್ಲ. ನಾನು ಒಂದು ಮಾತು ಮುಗಿಸೋಕೆ ಮುಂಚೆ ನೀನು ಟೀಚರ್ ಆಗ್ತೀಯ, ನೀನು ಮುಗಿಸೋಕೆ ಮುಂಚೆ ನಾನು ಅಳ್ತೀನಿ. ಕಾಗದ ಆದ್ರೆ ಕೊನೇತನಕ ಓದಲೇಬೇಕು, ಮಧ್ಯ ಬಾಯಿ ಹಾಕೋಕಾಗಲ್ಲ.

ಈ ಬಾಡಿಗೆ ಮನೆ ಸಾಕಾಗಿದೆ ಅಕ್ಕ. ಮದುವೆಯಾದಾಗಿನಿಂದ ಇದು ನಾಲ್ಕನೇದು. ಓನರಮ್ಮ ಈಗ ಹೊಸದೊಂದು ಶುರು ಮಾಡಿದಾರೆ. ನನ್ನ ಹೊಲಿಗೆ ಮಿಷನ್ ಸದ್ದಿಗೆ ಕೆಳಗಡೆ ಅವರ ಟಿವಿ ಕೇಳಿಸಲ್ಲವಂತೆ, ಸಂಜೆ ಆದ್ಮೇಲೆ ತುಳೀಬಾರದಂತೆ. ಮದುವೆ ಸೀಸನ್ನಲ್ಲಿ ಬ್ಲೌಸ್ ಕೊಡೋಕೆ ಜನ ಬರೋದೇ ಸಂಜೆ. ಹಾಗಂದಿದ್ದಕ್ಕೆ, "ಇರೋರು ಇಬ್ಬರೇ, ಅಷ್ಟು ದುಡಿದು ಯಾರಿಗಮ್ಮ ಇಡ್ತೀಯ?" ಅಂದ್ರು. ಮೇಲೆ ಬಂದು ಮಿಷನ್ ಮೇಲೆ ಬಟ್ಟೆ ಮುಚ್ಚಿಟ್ಟೆ.

ನಂದೀಶ್ ಒಂದು ಮನೆ ನೋಡಿದಾನೆ. ಫ್ಯಾಕ್ಟರೀಲಿ ಅವನ ಜೊತೆ ಕೆಲಸ ಮಾಡೋರು ಯಾರೋ ಹೇಳಿದ್ದು. ಟೌನಿಂದ ಸ್ವಲ್ಪ ಆಚೆ, ಹುಣಸೇಕೆರೆ ಪಕ್ಕದ ಬಡಾವಣೆ. ಕೆರೆ ಅನ್ನೋದು ಹೆಸರಿಗಷ್ಟೆ, ತುಂಬಾ ಜಾಲಿ ಗಿಡ. ಒಂದು ಮೂಲೇಲಿ ಹುಡುಗರು ಕ್ರಿಕೆಟ್ ಆಡ್ತಾರೆ. ಮನೆಗೆ ಒಂದು ಹಾಲ್, ಎರಡು ರೂಮು, ಮುಂದೆ ಮಿಷನ್ ಹಾಕೋಕೆ ಹೇಳಿ ಮಾಡಿಸಿದ ಹಾಗೆ ವರಾಂಡ. ಮಾರೋರು ರಾಮಚಂದ್ರಪ್ಪ ಅಂತ, ರಿಟೈರಾದೋರು. ಮಗಳ ಹತ್ರ ಹೋಗ್ತಾರಂತೆ. ಮನೆ ಕಟ್ಟಿ ಜಾಸ್ತಿ ವರ್ಷ ಆಗಿಲ್ಲ, ಆದ್ರೂ ಪೂರ್ತಿ ಹೊಸದಾಗಿ ಬಣ್ಣ ಹೊಡೆಸಿದಾರೆ. ಸುತ್ತಮುತ್ತಲಿನ ರೇಟಿಗಿಂತ ತುಂಬಾ ಕಮ್ಮಿ ಹೇಳ್ತಿದಾರೆ.

ಬಾಡಿಗೆ ಕಟ್ಟೋದು ನೀರಿಗೆ ದುಡ್ಡು ಹಾಕಿದ ಹಾಗೆ, ಅದೇ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಕಂತು ಕಟ್ಟಿದ್ರೆ ಮನೆ ನಮ್ಮದಾಗುತ್ತೆ ಅಂತಾನೆ ನಂದೀಶ್. ನೀನೇನಂತೀಯ? ನಿಧಾನಕ್ಕೆ ಬರಿ. ಬೈಯೋದಾದ್ರೂ ಬರೆದೇ ಬೈಯಿ.

ನಿನ್ನ
ಗಂಗೂ

---

ಶ್ರೀನಿವಾಸಪುರ
19 ಫೆಬ್ರವರಿ 2024

ಪ್ರೀತಿಯ ಗಂಗೂಗೆ,

ಕಾಗದ ಎರಡು ಸಲ ಓದಿದೆ. ಸ್ಟಾಫ್ ರೂಮಿನಲ್ಲಿ ಒಂದು ಸಲ, ಮನೆಗೆ ಬಂದು ಒಂದು ಸಲ. ಓನರಮ್ಮನ ಮಾತಿಗೆ ನೀನು ಮಿಷನ್ ಮುಚ್ಚಿಟ್ಟದ್ದು ಓದಿದ ಮೇಲೆ ಆ ದಿನ ನೋಟ್‌ಬುಕ್ ತಿದ್ದಲು ಆಗಲಿಲ್ಲ.

ಮನೆ ಬೇಡ ಎಂದು ಹೇಳುವುದಿಲ್ಲ. ಎರಡೂ ಕಡೆ ನೋಡು ಎನ್ನುತ್ತೇನೆ, ಅಷ್ಟೆ.

ಬಾಡಿಗೆ ನೀರಿಗೆ ಹಾಕಿದ ದುಡ್ಡಲ್ಲ. ಸೂರು ಸೋರಿದರೆ ರಿಪೇರಿ ಅವರದು, ಕಂದಾಯ ಅವರದು. ನಂದೀಶನ ಫ್ಯಾಕ್ಟರಿ ನಾಳೆ ಹೊಸೂರಿಗೋ ತುಮಕೂರಿಗೋ ಎತ್ತಿಕೊಂಡು ಹೋದರೆ ನೀವೂ ಎದ್ದು ಹೋಗಬಹುದು. ಬಾಡಿಗೆ ಮನೆ ಕಾಲಿಗೆ ಹಾಕಿದ ಚಪ್ಪಲಿಯಂತೆ, ಬೇಕಾದಾಗ ಬಿಡಬಹುದು. ಸಾಲದ ಕಂತನ್ನೇ ತೆಗೆದುಕೋ. ಮೊದಲ ಕೆಲವು ವರ್ಷ ಕಟ್ಟುವುದರಲ್ಲಿ ಹೆಚ್ಚು ಪಾಲು ಬಡ್ಡಿಗೇ ಹೋಗುತ್ತದೆ. ಅದೂ ಬಾಡಿಗೆಯೇ ತಾನೆ? ಮನೆಗೆ ಕಟ್ಟುವ ಬದಲು ದುಡ್ಡಿಗೆ ಕಟ್ಟುತ್ತೀಯ. ರಿಜಿಸ್ಟ್ರೇಷನ್ ಖರ್ಚು, ಬ್ರೋಕರ್ ಕಮಿಷನ್ ಇವನ್ನೆಲ್ಲ ಯಾರೂ ಮೊದಲು ಹೇಳುವುದಿಲ್ಲ.

ಇನ್ನೊಂದು ಕಡೆಯೂ ಇದೆ. ಬಾಡಿಗೆ ವರ್ಷವರ್ಷ ಏರುತ್ತದೆ, ಕಂತು ಹೆಚ್ಚು ಕಡಿಮೆ ಅಲ್ಲೇ ನಿಲ್ಲುತ್ತದೆ. ಕೈಯಲ್ಲಿದ್ದರೆ ಕರಗಿ ಹೋಗುವ ದುಡ್ಡು ಗೋಡೆಯಾಗಿ ನಿಲ್ಲುತ್ತದೆ. ವಯಸ್ಸಾದ ಮೇಲೆ ಯಾರೂ ಎದ್ದು ಹೋಗು ಎನ್ನುವುದಿಲ್ಲ. ನನಗೆ ಇನ್ನು ಕೆಲವೇ ವರ್ಷದ ಸರ್ವಿಸ್ಸು. ರಿಟೈರಾದ ಮೇಲೆ ಎಲ್ಲಿರುತ್ತೀರಿ ಮೇಡಂ ಎಂದು ಹುಡುಗಿಯರು ಕೇಳುತ್ತಾರೆ. ನಾನು ಹಾಜರಿ ಪುಸ್ತಕ ತೆರೆಯುತ್ತೇನೆ.

ಅಮ್ಮ ತೆಲುಗಿನಲ್ಲಿ ಹೇಳುತ್ತಿದ್ದಳಲ್ಲ, ಇಲ್ಲು ಕಟ್ಟಿ ಚೂಡು, ಪೆಳ್ಳಿ ಚೇಸಿ ಚೂಡು ಎಂದು. ಮನೆ ಕಟ್ಟಿ ನೋಡು ಎಂದರೇ ಹೊರತು ಇನ್ನೊಬ್ಬರು ಕಟ್ಟಿದ್ದನ್ನು ಕೊಂಡು ನೋಡು ಎಂದು ಹಿರಿಯರು ಹೇಳಲಿಲ್ಲ. ಮೊದಲು ಭೋಗ್ಯಕ್ಕೆ ಕೇಳಿ ನೋಡು. ಒಂದು ಮೊತ್ತ ಕೊಟ್ಟು ಮೂರು ವರ್ಷ ಇದ್ದು, ಹಿಡಿಸಿದರೆ ಕೊಳ್ಳಬಹುದು.

ಕಮ್ಮಿ ರೇಟು ಎಂದು ಬರೆದಿದ್ದೀಯ. ಯಾಕೆ ಕಮ್ಮಿ?

ನಿನ್ನ ಅಕ್ಕ
ರಮಾ

---

ಮಾಲೂರು
8 ಮಾರ್ಚ್ 2024

ಅಕ್ಕಾ,

ಭೋಗ್ಯಕ್ಕೆ ಕೇಳಿದ್ವಿ. ರಾಮಚಂದ್ರಪ್ಪನೋರು "ಅದೆಲ್ಲ ಬೇಡಮ್ಮ, ಕೊಟ್ಟು ಕೈ ತೊಳ್ಕೋಬೇಕು ನಾನು" ಅಂದ್ರು. ಕೈ ತೊಳ್ಕೊಳ್ಳೋದು ಅನ್ನೋ ಮಾತು ನಂಗೂ ಒಂಥರ ಅನಿಸ್ತು. ಆದ್ರೆ ವಯಸ್ಸಾದೋರು, ಹೆಂಡತಿ ತೀರಿಕೊಂಡಿದಾರೆ. ಹಾಗೇ ಮಾತಾಡ್ತಾರೆ.

ಕಮ್ಮಿ ಯಾಕೆ ಅಂದ್ರೆ ಅದು ಪಂಚಾಯ್ತಿ ಖಾತೆ. ಹೊಲ ಇದ್ದದ್ದನ್ನ ಸರಿಯಾಗಿ ಬದಲಾಯಿಸ್ಕೊಳ್ಳದೇ ಸೈಟ್ ಮಾಡಿದಾರೆ, ಇಲ್ಲಿ ಅರ್ಧ ಊರು ಹಾಗೇ ಇದೆ. ಅದಕ್ಕೇ ಬ್ಯಾಂಕಿನೋರು ಸಾಲ ಕೊಡಲ್ಲ ಅಂದ್ರು. ಒಂದು ಫೈನಾನ್ಸಿನೋರು ಕೊಡ್ತಾರೆ, ಬಡ್ಡಿ ಸ್ವಲ್ಪ ಜಾಸ್ತಿ. ಹೆಂಗಸರ ಹೆಸರಲ್ಲಿದ್ರೆ ಅದರಲ್ಲೇ ಸ್ವಲ್ಪ ಇಳಿಸ್ತಾರಂತೆ, ಅದಕ್ಕೆ ಮನೆ ನನ್ನ ಹೆಸರಿಗೇ ಮಾಡಿಸ್ತೀನಿ ಅಂದಿದಾನೆ ನಂದೀಶ್. ನನ್ನ ಹೆಸರಿಗೆ ಅಕ್ಕ! ಗೇಟಲ್ಲಿ ಕಪ್ಪು ಕಲ್ಲಿನ ಮೇಲೆ ಹೆಸರು ಕೆತ್ತಿಸೋಣ, ಶಿವಾರಪಟ್ಟಣದಲ್ಲಿ ಹೇಳಿ ಮಾಡಿಸೋಣ ಅಂತಾನೂ ಅಂದ.

ಬ್ಯಾಂಕ್ ಬೇಡ ಅಂದದ್ದನ್ನ ಯಾಕೆ ತಗೊಳ್ತೀಯ ಅಂತ ನೀನು ಕೇಳ್ತೀಯ, ಗೊತ್ತು. ಈಚೆ ಎಕ್ಸ್‌ಪ್ರೆಸ್‌ವೇ ಬರ್ತಿದೆ ಅಂತ ಎಲ್ಲಾ ಕಡೆ ರೇಟು ಏರ್ತಿದೆ. ಈಗ ಬಿಟ್ರೆ ಇನ್ಯಾವತ್ತೂ ನಮ್ಮ ಕೈಗೆ ಸಿಗಲ್ಲ. ಸಾಲ ಬಂದ್ರೂ ನಮ್ಮ ಕಡೆಯಿಂದ ಮೊದಲು ಒಂದಷ್ಟು ಹಾಕಬೇಕು. ನನ್ನ ಬಳೆ, ಚೀಟಿ ದುಡ್ಡು ಎಲ್ಲಾ ಸೇರಿಸಿದ್ರೂ ಇನ್ನೂ ಬೇಕು.

ನಾನು ಕೇಳ್ತಿಲ್ಲ. ಬರೆದೆ ಅಷ್ಟೆ.

ಗಂಗೂ

---

ಶ್ರೀನಿವಾಸಪುರ
2 ಏಪ್ರಿಲ್ 2024

ಗಂಗೂ,

ಇದರ ಜೊತೆ ಚೆಕ್ ಇದೆ. ನಿನ್ನ ಹೆಸರಿಗೇ ಬರೆದಿದ್ದೇನೆ. ಪಿಎಫ್‌ನಿಂದ ತೆಗೆದದ್ದು. ಯಾವಾಗ ಕೊಡುತ್ತೀಯ ಎಂದು ಕೇಳುವುದಿಲ್ಲ, ನೀನೂ ಆ ಮಾತು ಎತ್ತಬೇಡ.

ಕೊಳ್ಳಬೇಡ ಎಂದು ಈಗಲೂ ನನ್ನ ಮನಸ್ಸು ಹೇಳುತ್ತಿದೆ. ಬಾಯಿಂದ ಹೇಳುವುದು ನಿಲ್ಲಿಸಿದ್ದೇನೆ.

ಒಂದೇ ಮಾತು ನಡೆಸಿಕೊಡು. ಸಹಿ ಹಾಕುವ ಮುಂಚೆ ಅಕ್ಕಪಕ್ಕದ ಮನೆಯವರ ಹತ್ತಿರ, ನಂದೀಶ್ ಇಲ್ಲದಾಗ, ನೀನೊಬ್ಬಳೇ ಹೋಗಿ ಮಾತಾಡು. ಹೆಂಗಸರನ್ನು ಕೇಳು. ಗಂಡಸರು ರೇಟು ಹೇಳುತ್ತಾರೆ, ಹೆಂಗಸರು ಮನೆ ಹೇಗಿದೆ ಎಂದು ಹೇಳುತ್ತಾರೆ.

ಈ ವರ್ಷ ಮಾವು ಕಮ್ಮಿ. ಆದರೂ ಹಣ್ಣು ಕಳಿಸುತ್ತೇನೆ.

ರಮಾ

---

ಹುಣಸೇಕೆರೆ ಬಡಾವಣೆ, ಮಾಲೂರು
16 ಜೂನ್ 2024

ಅಕ್ಕಾ,

ವಿಳಾಸ ನೋಡು. ಬೇರೆ ಹಾಳೇಲಿ ಎರಡು ಸಲ ಬರೆದು ನೋಡಿ ಆಮೇಲೆ ಇಲ್ಲಿ ಬರೆದೆ.

ನೀನು ಗೃಹಪ್ರವೇಶಕ್ಕೆ ಬಂದು ಊಟ ಮುಗಿಸಿ ಹಾಗೇ ಹೊರಟುಬಿಟ್ಟೆ. ಕೊನೇ ಬಸ್ಸಿಗೆ ಇನ್ನೂ ಎಷ್ಟೊಂದು ಟೈಮಿತ್ತು. ಹಾಸಿಗೆ ಹಾಸಿಟ್ಟಿದ್ದೆ ನಿಂಗೆ. ನೀನು ಹಾಲಲ್ಲಿ ನಿಂತು ಗೋಡೆ ನೋಡ್ತಾನೇ ಇದ್ದೆ, ಏನಕ್ಕಾ ಅಂದ್ರೆ ಏನಿಲ್ಲ ಅಂದೆ. ಬಣ್ಣ ಹಿಡಿಸಲಿಲ್ವ? ನಂಗೂ ಆ ಹಸಿರು ಅಷ್ಟು ಇಷ್ಟ ಇಲ್ಲ, ಬದಲಾಯಿಸೋಣ ಬಿಡು.

ಅಕ್ಕಪಕ್ಕ ಕೇಳು ಅಂದಿದ್ದೆಯಲ್ಲ, ಹೋಗಿದ್ದೆ. ಎಡಗಡೆ ಮನೆಗೆ ಬೀಗ. ಬಲಗಡೆ ಸೈಟು ಖಾಲಿ. ಹಿಂದಿನ ಬೀದೀಲಿ ಒಬ್ಬಾಕೆ ಸಿಕ್ಕಿದ್ರು. "ಏಮ್ಮಾ, ಆ ಮನೇನ ತಗೊಂಡ್ರಾ?" ಅಂತ ಕೇಳಿ ನನ್ನ ಮುಖ ನೋಡಿ ಒಳಗೆ ಹೋದ್ರು. ಸಿಡುಕಿನ ಹೆಂಗಸು ಅಂದ್ಕೊಂಡೆ.

ರಾಮಚಂದ್ರಪ್ಪನೋರು ತುಂಬಾ ಅಚ್ಚುಕಟ್ಟು. ಅಡುಗೆಮನೇಲಿ ಸಿಲಿಂಡರ್ ಇಡೋಕೆ ಎತ್ತರಕ್ಕೆ ಕಲ್ಲು ಚಪ್ಪಡಿ ಕೂರಿಸಿದಾರೆ. ಕಪಾಟುಗಳಿಗೆ ಕೆಳಗಿನ ಹಲಗೆಯೇ ಇಲ್ಲ, ಎಲ್ಲಾ ಸೊಂಟದಿಂದ ಮೇಲಕ್ಕೆ. ಗುಡಿಸೋಕೆ ಸುಲಭ. ಪ್ಲಗ್ ಪಾಯಿಂಟು ಮಾತ್ರ ಎದೆ ಮಟ್ಟಕ್ಕೆ ಇವೆ, ಇಸ್ತ್ರಿ ಪೆಟ್ಟಿಗೆ ವೈರು ನೇತಾಡುತ್ತೆ. ಬೀಗದ ಕೈ ಕೊಡುವಾಗ ಅವರು ಒಳಗೆ ಬರಲೇ ಇಲ್ಲ. ಗೇಟಲ್ಲೇ ಕೊಟ್ಟು, "ಮಳೆಗಾಲದಲ್ಲಿ ಹುಷಾರಾಗಿರಮ್ಮ, ಹಾವು ಬರ್ತವೆ" ಅಂದು ಆಟೋ ಹತ್ತಿದ್ರು. ತಿರುಗಿ ನೋಡಲಿಲ್ಲ.

ನಿನ್ನೆ ಬೇಕಂತಲೇ ರಾತ್ರಿ ಊಟ ಆದ್ಮೇಲೆ ಮಿಷನ್ ತುಳಿದೆ. ಹೊಲಿಯೋಕೆ ಏನೂ ಇರಲಿಲ್ಲ, ಹಳೇ ದಿಂಬಿನ ಕವರ್ ಹಾಕ್ಕೊಂಡು ಸುಮ್ಮನೆ ತುಳಿದೆ.

ನಿನ್ನ
ಗಂಗೂ

---

ಶ್ರೀನಿವಾಸಪುರ
25 ಆಗಸ್ಟ್ 2024

ಗಂಗೂ,

ತಡವಾಗಿ ಬರೆಯುತ್ತಿದ್ದೇನೆ. ಏನೆಂದು ಬರೆಯುವುದು ಎಂದು ತಿಳಿಯದೆ ಎರಡು ಸಲ ಹರಿದು ಹಾಕಿದೆ.

ನಾನು ನೋಡುತ್ತಿದ್ದದ್ದು ಬಣ್ಣವನ್ನಲ್ಲ. ಸೊಂಟದ ಮಟ್ಟದವರೆಗೆ ಗಾರೆ ಹೊಸದು, ಅಲ್ಲಿಂದ ಮೇಲೆ ಹಳೆಯದು. ಬೆಳಕು ಓರೆಯಾಗಿ ಬಿದ್ದಾಗ ನಾಲ್ಕೂ ಗೋಡೆಯಲ್ಲಿ ಒಂದೇ ಗೀಟು ಕಾಣುತ್ತಿತ್ತು. ಅಷ್ಟೊಂದು ಜನ ಊಟ ಮಾಡುತ್ತಿದ್ದರು, ನೀನು ಹೊಸ ಸೀರೆಯಲ್ಲಿ ಓಡಾಡುತ್ತಿದ್ದೆ. ರಾತ್ರಿ ಉಳಿದಿದ್ದರೆ ಹೇಳಿಬಿಡುತ್ತಿದ್ದೆ, ಅದಕ್ಕೇ ಹೊರಟುಬಂದೆ.

ಗೆದ್ದಲು ಇದ್ದಿರಬಹುದು, ಉಪ್ಪು ಹಿಡಿದಿರಬಹುದು. ಬೇರೆ ಏನೂ ಇಲ್ಲದಿರಲಿ.

ಆ ಕೆರೆಯಲ್ಲಿ ಈಗ ನೀರಿದೆಯಾ?

ಅಕ್ಕ

---

ಹುಣಸೇಕೆರೆ ಬಡಾವಣೆ, ಮಾಲೂರು
21 ನವೆಂಬರ್ 2024

ಅಕ್ಕಾ,

ನಿನ್ನ ಕಾಗದಕ್ಕೆ ಆಗ ಉತ್ತರ ಬರೀಲಿಲ್ಲ. ಸಿಟ್ಟು ಬಂದಿತ್ತು. ಹೊಟ್ಟೆಕಿಚ್ಚು ಅಂತಾನೂ ಅಂದ್ಕೊಂಡೆ. ಕ್ಷಮಿಸು.

ಕೆರೇಲಿ ನೀರಿದೆ. ಬೆಂಗಳೂರು ಕಡೆಯಿಂದ ಕಾಲುವೇಲಿ ನೀರು ಬಿಡ್ತಿದಾರೆ, ದೀಪಾವಳಿ ಹೊತ್ತಿಗೆ ಜಾಲಿ ಗಿಡಗಳು ಅರ್ಧ ಮುಳುಗಿದ್ವು. ಮೊದಮೊದಲು ನೋಡೋಕೆ ಚೆನ್ನಾಗಿತ್ತು, ಬೆಳ್ಳಕ್ಕಿ ಬರ್ತಿದ್ವು. ಅದರ ಮೇಲೆ ಈ ತಿಂಗಳು ಸೈಕ್ಲೋನ್ ಮಳೆ. ಒಂದು ಬೆಳಿಗ್ಗೆ ಬಾಗಿಲು ತೆಗೆದ್ರೆ ನೀರು ಗೇಟು ದಾಟಿ ಬಂದಿತ್ತು. ಹರಿದು ಬಂದಿದ್ದಲ್ಲ ಅಕ್ಕ, ಸದ್ದೇ ಇಲ್ಲ. ಒಂದು ಚೊಂಬು ಎಣ್ಣೆ ನೆಲದ ಮೇಲೆ ಚೆಲ್ಲಿದ್ರೆ ಹೇಗೆ ಅಗಲ ಆಗುತ್ತೆ, ಹಾಗೆ. ಮೊದಲ ಮೆಟ್ಟಿಲು ಮುಟ್ಟಿ ನಿಂತ್ಕೊಂಡ್ತು. ಎರಡು ದಿನ ಅಲ್ಲೇ ಇತ್ತು. ಆಮೇಲೆ ಬಂದ ಹಾಗೇ ಹೋಯ್ತು.

ತೇವಕ್ಕೆ ವರಾಂಡದ ಸ್ವಿಚ್ಚಲ್ಲಿ ಕಿಡಿ ಬಂತು ಅಂತ ಎಲೆಕ್ಟ್ರಿಷಿಯನ್ ಮುನೇಶನ್ನ ಕರೆಸಿದೆ. ಕೆಲಸ ಮಾಡ್ತಿರುವಾಗ ಸುಮ್ಮನೆ ಕೇಳಿದೆ, "ಈ ಪ್ಲಗ್ಗೆಲ್ಲಾ ಇಷ್ಟು ಮೇಲೆ ಯಾಕಪ್ಪ ಇಟ್ಟಿದಾರೆ?"

"ಮೊದಲು ಕೆಳಗೇ ಇದ್ವು ಮೇಡಂ. ಆ ವರ್ಷ ನೀರು ಒಳಕ್ಕೆ ಬಂತಲ್ಲ, ಆಮೇಲೆ ರಾಮಚಂದ್ರಪ್ಪನೋರು ನನ್ನ ಕೈಲೇ ಎತ್ತಿಸಿದ್ದು. ಇಲ್ಲೀವರೆಗೂ ಬಂದಿತ್ತು ನೋಡಿ," ಅಂತ ತನ್ನ ಸೊಂಟ ತೋರಿಸಿದ. "ಅವರ ಮನೆಯೋರು ಆಗಲೇ ಕಾಯಿಲೆ ಬಿದ್ದಿದ್ದು."

ನನ್ನ ಮುಖ ನೋಡಿ ಅವನಿಗೆ ಗಾಬರಿ ಆಯ್ತು. "ಸಾರ್‌ಗೆ ಗೊತ್ತಲ್ಲ ಮೇಡಂ? ಮನೆ ನೋಡೋಕೆ ಬಂದಾಗ ವೈರಿಂಗ್ ಸರಿಯಿದೆಯಾ ಅಂತ ನನ್ನನ್ನೇ ಕರೆಸಿದ್ರು. ಎಲ್ಲಾ ಹೇಳಿದ್ದೆ. ಅದಕ್ಕೇ ತಾನೇ ರೇಟು ಇಳಿಸ್ಕೊಂಡಿದ್ದು?"

ಸಂಜೆ ನಂದೀಶ್ ಬಂದಾಗ ಕೇಳಿದೆ. ಇಲ್ಲ ಅನ್ನಲಿಲ್ಲ. ಬೂಟು ಬಿಚ್ತಾ ಕೂತಿದ್ದ.

"ಗೊತ್ತಿತ್ತು. ಏನೀಗ? ಕಮ್ಮಿಗೆ ಬಂದಾಗ ತಗೋಬೇಕು, ರೇಟು ಏರಿದಾಗ ಮಾರಬೇಕು. ಎರಡು ವರ್ಷ ಅಷ್ಟೆ ಕಣೇ. ಎಲ್ರೂ ಹಾಗೇ ಮಾಡೋದು."

"ಇದು ನಮ್ಮ ಮನೆ ಅಂದಿದ್ದೆಯಲ್ಲೋ."

"ಮನೆ ಮನೆ ಅಂತೀಯಲ್ಲ, ಯಾರಿಗೆ ಉಳಿಸಬೇಕು ನಾವು? ಯಾರಿದಾರೆ ನಮಗೆ?"

ಆ ಮಾತು ಓನರಮ್ಮ ಅಂದಾಗ ಇಷ್ಟು ಚುಚ್ಚಿರಲಿಲ್ಲ. ಅಕ್ಕನ ದುಡ್ಡೂ ಇದೆ ಇದರಲ್ಲಿ, ಅದಾದ್ರೂ ನೆನಪಿದೆಯಾ ಅಂದೆ. ಎದ್ದು ಹೋಗಿ ಕೈಕಾಲು ತೊಳ್ಕೊಂಡ.

ಅವತ್ತಿಂದ ಮಾತು ಎಷ್ಟು ಬೇಕೋ ಅಷ್ಟೇ. ನಿದ್ದೆ ಬರಲ್ಲ. ಬೆಳಿಗ್ಗೆ ಎದ್ದ ತಕ್ಷಣ ಕಾಲು ಕೆಳಗೆ ಇಡೋ ಮುಂಚೆ ನೆಲ ನೋಡ್ತೀನಿ.

ಗಂಗೂ

---

ಶ್ರೀನಿವಾಸಪುರ
28 ನವೆಂಬರ್ 2024

ಗಂಗೂ,

ನೀನು ಹೊಟ್ಟೆಕಿಚ್ಚು ಎಂದುಕೊಂಡದ್ದು ಪೂರ್ತಿ ಸುಳ್ಳೂ ಅಲ್ಲ. ನಿನ್ನ ವರಾಂಡ ನೋಡಿ ಒಂದು ಕ್ಷಣ ಆಗಿತ್ತು. ಬಿಡು.

ನನ್ನ ದುಡ್ಡಿನ ಯೋಚನೆ ಮಾಡಬೇಡ. ಬಂದರೆ ಬಂತು. ನೀನು ಇಲ್ಲಿಗೆ ಬಂದು ಸ್ವಲ್ಪ ದಿನ ಇರು. ಮಿಷನ್ ತರುವುದಾದರೆ ತಾ, ನನ್ನ ಓನರ್‌ಗೆ ಕಿವಿ ಮಂದ.

ನಂದೀಶ್ ಕೆಟ್ಟವನು ಎಂದು ಬರೆಯಲು ಕೈ ಬರುವುದಿಲ್ಲ. ಅವನು ಲೆಕ್ಕ ಹಾಕಿದ. ನಾನೂ ನಿನಗೆ ಬರೆದದ್ದು ಲೆಕ್ಕವೇ. ಇಬ್ಬರ ಲೆಕ್ಕದಲ್ಲೂ ನೀನು ಆ ಮನೆಯೊಳಗೆ ಮಲಗುವವಳು ಎನ್ನುವುದು ಬರಲಿಲ್ಲ.

ಆದರೆ ಒಂದು ಕೇಳುತ್ತೇನೆ. ಅವನು ಎರಡು ವರ್ಷಕ್ಕೆ ಮಾರುತ್ತೇನೆ ಎಂದಿದ್ದಾನೆ. ಯಾರಿಗೆ?

ಅಕ್ಕ

---

ಮಾಲೂರು
23 ಮಾರ್ಚ್ 2025

ಅಕ್ಕಾ,

ವಿಳಾಸ ಬದಲಾಗಿದೆ. ಮತ್ತೆ ಟೌನಲ್ಲಿ, ಬಾಡಿಗೆಗೆ. ಮನೆ ಮಾರಿ ಆಯ್ತು. ನಾನೇ ಸಹಿ ಹಾಕಿದೆ. ಹೇಗೆ ಅಂತ ಪೂರ್ತಿ ಬರೀತೀನಿ, ಓದಿ ಆಮೇಲೆ ಏನು ಬೇಕಾದ್ರೂ ಅನ್ನು.

ಎರಡು ವರ್ಷ ಕಾಯ್ತೀನಿ ಅಂದೋನು ಒಂದಕ್ಕೇ ಹೆದರಿದ. ಬೇಸಿಗೇಲಿ ನೆಲ ಒಣಗಿದ ತಕ್ಷಣ ಬ್ರೋಕರ್‌ಗೆ ಹೇಳಿದ. ಬಂದೋರು ಮುಳಬಾಗಿಲ ಕಡೆ ತಾಯಲೂರಿನೋರು. ಅಮರನಾಥ್ ಅಂತ, ಹಾಲಿನ ಟ್ಯಾಂಕರ್ ಓಡಿಸ್ತಾನೆ. ಹೆಂಡತಿ ಸುನಂದ, ಮೂರು ವರ್ಷದ ಹೆಣ್ಣು ಮಗು. ಮಗು ಮನೆ ಪೂರ್ತಿ ಓಡಾಡಿ ನನ್ನ ಮಿಷನ್ ಕೆಳಗೆ ಹೋಗಿ ಕೂತ್ಕೊಂಡ್ತು. ಏಳು ಅಂದ್ರೂ ಏಳಲಿಲ್ಲ.

ಸಹಿ ಹಾಕಲ್ಲ ಅಂತ ಮನೇಲಿ ಹೇಳಿದ್ದೆ. "ನೀನು ಸಹಿ ಹಾಕ್ದೇ ಇದ್ರೆ ನಿಮ್ಮಕ್ಕನ ದುಡ್ಡು ಮುಳುಗುತ್ತೆ, ಆಮೇಲೆ ನನ್ನ ಬೈಬೇಡ" ಅಂದ ನಂದೀಶ್. ರಿಜಿಸ್ಟ್ರಾರ್ ಆಫೀಸ್ ತನಕ ಹೋದೆ. ಕೊಳ್ಳೋರಿಗೆ ಹೇಳಿಬಿಡೋದು ಅಂತ ನಿಶ್ಚಯ ಮಾಡ್ಕೊಂಡೇ ಹೋಗಿದ್ದೆ. ನಮ್ಮ ಸರದಿ ಇನ್ನೂ ಇತ್ತು. ಬಾ ಜ್ಯೂಸ್ ಕುಡಿಯೋಣ ಅಂತ ಸುನಂದನ್ನ ಆಚೆ ಕರ್ಕೊಂಡು ಬಂದು, ಕಬ್ಬಿನ ಗಾಡಿ ಪಕ್ಕ ನಿಂತು ಎಲ್ಲಾ ಹೇಳಿದೆ. ಗೋಡೆ ಗೀಟು, ಪ್ಲಗ್ಗು, ನಮ್ಮ ಮೆಟ್ಟಿಲಿಗೆ ಬಂದ ನೀರು, ಎಲ್ಲಾ.

ಅವಳು ಸುತ್ತ ನೋಡಿದ್ಲು. "ವದ್ದಕ್ಕಾ, ಬೇಡ, ಗಟ್ಟಿಯಾಗಿ ಹೇಳಬೇಡಿ. ನಂಗೆ ಗೊತ್ತು."

"ಗೊತ್ತಾ?"

"ಇವರಿಗೂ ಗೊತ್ತು. ಅದಕ್ಕೇ ಕಮ್ಮಿಗೆ ಸಿಗ್ತಿದೆ ಅಂತ ತಗೊಳ್ತಿರೋದು. ಒಂದೆರಡು ವರ್ಷ ಇದ್ದು ಮಾರ್ತಾರಂತೆ."

"ಮಗು ಇದೆಯಲ್ಲೇ ನಿಂಗೆ. ಬೇಡ ಅನ್ನು."

"ತಾಯಲೂರಲ್ಲಿ ಇವರಣ್ಣನ ಮನೆ. ನಾವು ಮೂರು ಜನ ಹಾಲಲ್ಲಿ ಮಲಗ್ತೀವಿ. ನನ್ನ ಸೀರೆ ಯಾವ ಹಗ್ಗದ ಮೇಲೆ ಒಣಗಬೇಕು ಅಂತಾನೂ ಅವರೇ ಹೇಳಬೇಕು. ಮಗು ಜಾಸ್ತಿ ಹಾಲು ಕುಡಿದ್ರೆ ಲೋಟ ನೋಡ್ತಾರೆ." ಜ್ಯೂಸ್ ಲೋಟ ಕೈಲೇ ಹಿಡ್ಕೊಂಡಿದ್ಲು, ಒಂದು ಗುಟುಕೂ ಕುಡಿದಿರಲಿಲ್ಲ. "ಆ ಮನೆಗಿಂತ ನೀರೇ ವಾಸಿ ಅಕ್ಕ. ನೀವು ಸಹಿ ಹಾಕಲ್ಲ ಅಂದ್ರೆ ನಾನು ವಾಪಸ್ ಅಲ್ಲಿಗೇ ಹೋಗಬೇಕು. ಕೈ ಮುಗೀತೀನಿ."

ನಾನು ಒಳಗೆ ಹೋಗಿ ಸಹಿ ಹಾಕಿ ಬೆರಳು ಒತ್ತಿದೆ. ಫೋಟೋ ತೆಗೆದ್ರು. ಸುನಂದ ನಂಗೆ ಕುಂಕುಮ ಇಟ್ಟು ಎಲೆ ಅಡಿಕೆ ಕೊಟ್ಲು.

ನಂದೀಶನ ಲೆಕ್ಕ ಏನಾಯ್ತು ಅಂತೀಯ? ಫೈನಾನ್ಸಿನೋರಿಗೆ ಬಡ್ಡಿ, ಮುಂಚೇನೇ ಸಾಲ ತೀರಿಸಿದ್ದಕ್ಕೆ ದಂಡ, ಎರಡು ಸಲ ಬ್ರೋಕರ್, ರಿಜಿಸ್ಟ್ರೇಷನ್ ಖರ್ಚು. ಎಲ್ಲಾ ಕಳೆದ ಮೇಲೆ ನಾವು ಹಾಕಿದ ದುಡ್ಡು ಕೈಗೆ ಬಂತು, ಮಾರಿದ ಬಳೆ ಬರಲಿಲ್ಲ. ನಿನ್ನದನ್ನ ಪೂರ್ತಿ ನಿನ್ನ ಅಕೌಂಟಿಗೆ ಹಾಕಿಸಿದೀನಿ. ಬೇಡ ಅನ್ನಬೇಡ.

ಸರಿ ಮಾಡಿದ್ನಾ ಅಕ್ಕ?

ಗಂಗೂ

---

ಶ್ರೀನಿವಾಸಪುರ
6 ಏಪ್ರಿಲ್ 2025

ಗಂಗೂ,

ದುಡ್ಡು ಬಂದಿದೆ. ಬ್ಯಾಂಕಿನಿಂದ ಮೆಸೇಜ್ ಬಂದಾಗ ಸಮಾಧಾನ ಆಯಿತು. ಆ ಸಮಾಧಾನ ಯಾಕೋ ಒಳ್ಳೆಯದು ಅನ್ನಿಸಲಿಲ್ಲ.

ಸರಿ ಮಾಡಿದೆನಾ ಎಂದು ಕೇಳಿದ್ದೀಯ. ನೀನು ಹೇಳಿದೆ, ಅವಳು ಕೇಳಿಸಿಕೊಂಡಳು. ಅದಕ್ಕಿಂತ ಹೆಚ್ಚು ಯಾರಿಂದ ಏನು ಮಾಡಲು ಆಗುತ್ತಿತ್ತು? ಹೀಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆದರೆ ಎಂಟನೇ ತರಗತಿಯಲ್ಲಿ ಪಾಠ ಮಾಡುತ್ತಾ ಮಧ್ಯದಲ್ಲಿ ಆ ಮಗುವಿನ ಹೆಸರೇನೋ ಎಂದು ಯೋಚನೆ ಬಂತು. ನೀನು ಬರೆದಿಲ್ಲ.

ಮಳೆ ಶುರುವಾಗುವ ಮುಂಚೆ ಅವಳ ನಂಬರ್ ತೆಗೆದಿಟ್ಟುಕೋ.

ಅಕ್ಕ

---

ಮಾಲೂರು
24 ಅಕ್ಟೋಬರ್ 2025

ಅಕ್ಕಾ,

ಮಗುವಿನ ಹೆಸರು ಚಾರ್ವಿ. ನನ್ನ ಪಕ್ಕದಲ್ಲೇ ಮಲಗಿದೆ. ಅದಕ್ಕೆ ಎಚ್ಚರ ಆಗೋದರೊಳಗೆ ಬರೆದು ಮುಗಿಸ್ತೀನಿ.

ನಾಲ್ಕು ದಿನದಿಂದ ಬಿಡದೆ ಮಳೆ. ನಿನ್ನೆ ಬೆಳಿಗ್ಗೆ ಸುನಂದಂಗೆ ಫೋನ್ ಮಾಡಿದೆ. "ಏನೂ ಇಲ್ಲ ಅಕ್ಕ, ಮೆಟ್ಟಿಲು ಹತ್ರ ಇದೆ ಅಷ್ಟೆ" ಅಂದ್ಲು. ಧ್ವನಿ ಸರಿಯಿರಲಿಲ್ಲ. ಮಧ್ಯಾಹ್ನ ಆಟೋ ಮಾಡ್ಕೊಂಡು ಹೋದೆ. ಕೆರೆ ಏರಿ ಮೇಲೇ ಆಟೋನೋನು ನಿಲ್ಲಿಸಿಬಿಟ್ಟ. ಅಲ್ಲಿಂದ ಕೆಳಗೆ ಬೀದಿಯೇ ಇರಲಿಲ್ಲ ಅಕ್ಕ, ಬರೀ ನೀರು, ಮಧ್ಯ ಮಧ್ಯ ಮನೆಗಳು. ಎಲ್ಲಾ ಮನೆಗೂ ಬೀಗ. ನಾವಿದ್ದ ಮನೇಲಿ ಮಾತ್ರ ಹಗಲು ಹೊತ್ತಲ್ಲೇ ಎಲ್ಲಾ ರೂಮಲ್ಲೂ ಲೈಟ್ ಉರೀತಿತ್ತು.

ಮೊಣಕಾಲುದ್ದ ನೀರಲ್ಲಿ ಗೋಡೆ ಹಿಡ್ಕೊಂಡು ಹೋದೆ. ನೀರು ಹೊಸ್ತಿಲು ದಾಟಿತ್ತು. ಸುನಂದ ಸೀರೆ ಎತ್ತಿ ಕಟ್ಟಿ ಅಕ್ಕಿ ಡಬ್ಬ ಮೇಲಿಡ್ತಿದ್ಲು. ಮಗು ಅಡುಗೆ ಕಟ್ಟೆ ಮೇಲೆ ಕೂತು ಬಿಸ್ಕತ್ ತಿಂತಿತ್ತು.

"ಹೊರಡು ಮೊದಲು. ನಮ್ಮನೆಗೆ ಬಾ."

"ಬರೋ ಹಾಗಿಲ್ಲ ಅಕ್ಕ. ಇವರು ಲೋಡ್ ತಗೊಂಡು ಚೆನ್ನೈಗೆ ಹೋಗಿದಾರೆ. ಮನೆ ನೋಡೋಕೆ ಈ ವಾರ ಬೆಂಗಳೂರಿಂದ ಒಬ್ಬರು ಬರ್ತಾರಂತೆ. ಬೀಗ ಹಾಕಿದ್ರೆ ಖಾಲಿ ಮಾಡ್ಕೊಂಡು ಓಡಿಹೋದ್ರು ಅಂತ ಜನ ಅಂತಾರಂತೆ, ರೇಟು ಬಿದ್ದೋಗುತ್ತಂತೆ. ಲೈಟ್ ಹಾಕ್ಕೊಂಡು ಇರು, ಸಂಸಾರ ಇದೆ ಅಂತ ಕಾಣಬೇಕು ಅಂದಿದಾರೆ."

ಎಷ್ಟು ಹೇಳಿದ್ರೂ ಕೇಳಲಿಲ್ಲ. ಕೈ ಹಿಡಿದು ಎಳೆದೆ, ಕಿತ್ಕೊಂಡ್ಲು. ಆಮೇಲೆ ಮಗೂನ ಎತ್ತಿ ನನ್ನ ಸೊಂಟದ ಮೇಲೆ ಕೂರಿಸಿದ್ಲು. "ಇವಳನ್ನ ಕರ್ಕೊಂಡು ಹೋಗಿ ಅಕ್ಕ. ನೀರು ಇಳಿದ ಮೇಲೆ ಬಂದು ಕರ್ಕೊಂಡು ಹೋಗ್ತೀನಿ." ಮಗು ಅಳಲಿಲ್ಲ. ನನ್ನ ಕುತ್ತಿಗೆ ಹಿಡ್ಕೊಂಡು ಏರಿ ಹತ್ತೋವರೆಗೂ ಹಿಂದೆ ನೋಡ್ತಾನೇ ಇತ್ತು.

ನಂದೀಶ್ ಶಿಫ್ಟ್ ಮುಗಿಸಿ ಬಂದ. ಹೋಗಿ ಅವಳನ್ನ ಕರ್ಕೊಂಡು ಬಾ ಅಂದೆ.

"ಅದು ಈಗ ನಮ್ಮ ಮನೆ ಅಲ್ಲ ಗಂಗಾ."

ಮಗೂಗೆ ಅನ್ನ ಕಲಸ್ತಿದ್ದೆ. ಅದು ಒಂದು ತುತ್ತು ತಿಂದು, "ಅಮ್ಮಂಗೆ?" ಅಂತ ಅವನ ಮುಖ ನೋಡ್ತು. ಅವನು ಬಿಚ್ಚಿಟ್ಟಿದ್ದ ಒದ್ದೆ ರೇನ್‌ಕೋಟ್‌ನೇ ಮತ್ತೆ ಹಾಕ್ಕೊಂಡು ಹೋದ.

ಇಟ್ಟಿಗೆ ಗೂಡಿನೋರ ಹತ್ರ ಟ್ರ್ಯಾಕ್ಟರ್ ಕೇಳಿ ತಗೊಂಡು ಹೋದನಂತೆ. ಅಷ್ಟರಲ್ಲಿ ಆ ಕಡೆಗೆಲ್ಲಾ ಕರೆಂಟ್ ತೆಗೆದಿದ್ರು. ಹಾಲಲ್ಲಿ ತೊಡೆ ಮಟ್ಟ ನೀರು. ಅವಳು ಅಡುಗೆ ಕಟ್ಟೆ ಮೇಲೆ ಕಾಲು ಮಡಚಿ ಕೂತು ಕಿಟಕೀಲಿ ಮೇಣದಬತ್ತಿ ಹಚ್ಚಿಟ್ಟಿದ್ಲಂತೆ. ಬರಲ್ಲ ಅಂದ್ಲಂತೆ. "ಈ ಮನೆ ಮಾರಿದೋನು ನಾನು. ನಾನೇ ಬಂದು ಕರೀತಿದೀನಿ, ಬಾಮ್ಮ" ಅಂದೆ ಅಂತ ನಂದೀಶ್ ಆಮೇಲೆ ಹೇಳಿದ. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಇಷ್ಟು ತಿಂಗಳಲ್ಲಿ ಮೊದಲನೇ ಸಲ ನಾನೇ ಅವನಿಗೆ ಟವೆಲ್ ತಂದುಕೊಟ್ಟೆ.

ದೀಪ ಹಚ್ಚೋ ಹೊತ್ತಿಗೆ ಬಂದ್ರು. ಸುನಂದ ನಡುಗ್ತಿದ್ಲು. ನನ್ನ ಸೀರೆ ಉಡಿಸಿ ಕಾಫಿ ಕೊಟ್ಟೆ. ಮಗೂನ ಎದೆಗೆ ಒತ್ತಿಕೊಂಡು ಕೂತಿರುವಾಗ ಅಮರನಾಥ್ ಫೋನ್ ಬಂತು. ಸ್ಪೀಕರ್ ಹಾಕಿರಲಿಲ್ಲ, ಆದ್ರೂ ಅಷ್ಟು ಗಟ್ಟಿ ಧ್ವನಿ, ಎಲ್ರಿಗೂ ಕೇಳಿಸ್ತು. ಮಗು ಹೇಗಿದೆ ಅಂತ ಕೇಳಲಿಲ್ಲ ಅಕ್ಕ. ನೀನು ಎಲ್ಲಿದೀಯ ಅಂತಾನೂ ಕೇಳಲಿಲ್ಲ.

"ಯಾರೋ ಹೇಳಿದ್ರು ಮನೆ ಬಿಟ್ಟೋದ್ಲು ಅಂತ. ಲೈಟ್ ಹಾಕಿ ಬಂದ್ಯಾ?"

ಸುನಂದ ಮಗೂನ ಇನ್ನೊಂದು ತೊಡೆಗೆ ಸರಿಸಿದ್ಲು.

"ಇಲ್ಲ. ಎಲ್ಲಾ ಆರಿಸಿ ಬಂದೆ," ಅಂದ್ಲು. ಕರೆಂಟ್ ತಾನಾಗೇ ಹೋಗಿತ್ತು, ಅವಳು ಏನೂ ಆರಿಸಿರಲಿಲ್ಲ. ಆದ್ರೂ ಹಾಗೇ ಅಂದ್ಲು. "ಇನ್ನು ಆ ಮನೆಗೆ ಹೋಗಲ್ಲ. ತಾಯಲೂರಿಗೂ ಹೋಗಲ್ಲ."

ಆ ಕಡೆಯಿಂದ ಅವನು ಕೂಗ್ತಾನೇ ಇದ್ದ, ಅವಳು ಫೋನ್ ಬೋರಲು ಹಾಕಿಟ್ಲು. ರಾತ್ರಿ ನಂದೀಶ್‌ಗೆ ಫೋನ್ ಮಾಡಿದ್ದ. ಲೋಡ್ ಇಳಿಸಿ ಸೀದಾ ಇಲ್ಲಿಗೇ ಬರ್ತಾನಂತೆ, ಇವತ್ತು ಸಂಜೆಯೊಳಗೆ. ನಂದೀಶ್ ಕೆಲಸಕ್ಕೆ ರಜೆ ಹಾಕಿ ವರಾಂಡದಲ್ಲಿ ಕುರ್ಚಿ ಹಾಕ್ಕೊಂಡು ಕೂತಿದಾನೆ. ಕೆರೆ ಏರೀಲಿ ಬಿರುಕು ಬಿಟ್ಟಿದೆ, ಮರಳಿನ ಮೂಟೆ ಹಾಕ್ತಿದಾರೆ ಅಂತ ಬೀದೀಲಿ ಮಾತಾಡ್ಕೊಳ್ತಿದಾರೆ.

ಮಳೆ ಇನ್ನೂ ನಿಂತಿಲ್ಲ. ದೊಡ್ಡ ಗಾಡಿ ಸದ್ದಾದಾಗೆಲ್ಲ ಸುನಂದ ಬಾಗಿಲು ನೋಡ್ತಾಳೆ.

ನಿನ್ನ
ಗಂಗೂ